ಉಪ್ಪು ತಿಂದ ಚೈನು

ತೈಸ್ತೊ: ಇದು ಚೈನಾ, ಇಲ್ಲಾ ಮುಳುಗಿದ ಹಡಗಿನ ಲಂಗರಾ?

ಮಾರ್ಕೆತ್ತಾ: ನವೆಂಬರಲ್ಲಿ ನೀವೇ ಹಾಕಿಕೊಟ್ಟಿದ್ದು. ಆಗ ಬೆಳ್ಳಿ ಸರ ಅಂದಿದ್ರಿ.

ತಾಂಪೆರೆ ಎಂಬ ಹಿಮದೂರಿನ ಸೈಕಲ್ ಅಂಗಡಿಯ ಮಾಲೀಕ ತೈಸ್ತೊ, ಕೆಂಪಗೆ ತುಕ್ಕು ಹಿಡಿದು ತುಂಡಾದ ಚೈನನ್ನು ಸತ್ತ ಇಲಿಯಂತೆ ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದ. ಎದುರಿಗಿದ್ದವಳು ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸ್ ಮಾರ್ಕೆತ್ತಾ. ಅವಳ ಬೂಟಿನ ಹಿಮ ಕರಗಿ ಅಂಗಡಿಯ ನೆಲದ ಮೇಲೆ ಹರಿಯುತ್ತಿತ್ತು.

ತೈಸ್ತೊ: ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತಾರೆ. ಹಿಮ ಕರಗಿಸೋಕೆ ರಸ್ತೆಗೆ ಸುರಿದ ಉಪ್ಪನ್ನೆಲ್ಲ ನಿಮ್ಮ ಚೈನೊಂದೇ ತಿಂದಿದೆ. ಒರೆಸ್ತಿದ್ರಾ?

ಮಾರ್ಕೆತ್ತಾ: ಒರೆಸೋದೇನು, ಸ್ನಾನನೇ ಮಾಡಿಸ್ತಿದ್ದೆ. ದಿನಾ ಸಂಜೆ, ಬಿಸಿನೀರಲ್ಲಿ.

ತೈಸ್ತೊ: ಆಹಾ! ಆಮೇಲೆ?

ಮಾರ್ಕೆತ್ತಾ: ಹೊರಗೆ ನಿಲ್ಲಿಸ್ತಿದ್ದೆ.

ತೈಸ್ತೊ: ಒದ್ದೆಯಾಗೇ, ಮೈನಸ್ ಹದಿನೈದು ಡಿಗ್ರೀಲಿ! ಅದರ ಬದ್ಲು ಸೌನಾದ ಬಿಸಿ ಹಬೇಲೇ ಕೂರಿಸಿ ಬೆವರಿಳಿಸಬಹುದಿತ್ತಲ್ಲ?

ಮಾರ್ಕೆತ್ತಾ: ಜಾಗ ಇರಲಿಲ್ಲ. ನಮ್ಮನೆಯವರು ಕೂತಿದ್ರು.

ತೈಸ್ತೊ: ಎಣ್ಣೆ?

ಮಾರ್ಕೆತ್ತಾ: ಹಚ್ಚಿದೀನಿ ರೀ. ಒಳ್ಳೇದೇ.

ತೈಸ್ತೊ: (ಮೂಸಿ ನೋಡಿ) ಮೀನು ಹುರಿದ ವಾಸನೆ!

ಮಾರ್ಕೆತ್ತಾ: ಬಾಟಲಿ ಮೇಲೆ ಹೃದಯಕ್ಕೆ ಒಳ್ಳೇದು ಅಂತ ಬರೆದಿತ್ತು.

ತೈಸ್ತೊ: ಚೈನಿಗೆ ಹೃದಯ ಇದ್ದಿದ್ರೆ ಯಾವತ್ತೋ ನಿಂತುಹೋಗಿರೋದು, ತಾಯಿ.

ಮಾರ್ಕೆತ್ತಾ: ನಿಮ್ಮ ಪ್ರವಚನ ಸಾಕು. ಆ ಹನ್ನೊಂದು ಗೇರಿನ ಸೈಕಲ್ ಕೊಡಿ.

ತೈಸ್ತೊ: ಕೊಡೋಣ. ಗೇರಿನ ಹಲ್ಲಿನ ಸಂದೀಲಿ ಹಿಮ ಕಚ್ಚಿಕೊಂಡ ಮೇಲೆ ಹನ್ನೊಂದರಲ್ಲಿ ಒಂದು ಉಳಿಯುತ್ತೆ. ಯಾವುದು ಅಂತ ಹಿಮ ಹೇಳುತ್ತೆ, ನೀವಲ್ಲ. ಇದನ್ನ ನೋಡಿ. ಮೂರೇ ಗೇರು, ಮೂರೂ ಚಕ್ರದ ನಡುವಿನ ಡಬ್ಬಿಯೊಳಗೆ ಭದ್ರ. ಚೈನಿಗೆ ಪೂರ್ತಿ ಮುಚ್ಚಳ. ಉಪ್ಪು ಒಳಗೆ ಬರಬೇಕಂದ್ರೆ ಬಾಗಿಲು ತಟ್ಟಬೇಕು.

ಮಾರ್ಕೆತ್ತಾ: ನಮ್ಮಜ್ಜಿ ಸೈಕಲ್ಲೂ ಹೀಗೇ ಇತ್ತು.

ತೈಸ್ತೊ: ಅಜ್ಜಿ ಎಷ್ಟು ಚೈನು ತುಂಡು ಮಾಡಿದ್ರು?

ಮಾರ್ಕೆತ್ತಾ: ಒಂದೂ ಇಲ್ಲ.

ತೈಸ್ತೊ: ನೋಡಿ ಮತ್ತೆ! ವಾರಕ್ಕೊಂದ್ಸಲ ಮುಚ್ಚಳ ತೆಗೆದು, ಒಣಬಟ್ಟೇಲಿ ಒರೆಸಿ, ಚೈನಿನ ಎಣ್ಣೆ ಬಿಡಿ. ಅಡುಗೆ ಎಣ್ಣೆ ಅಲ್ಲ! ತಣ್ಣಗಿರೋ ಶೆಡ್ಡಲ್ಲೇ ನಿಲ್ಲಿಸಿ. ಬೆಚ್ಚಗಿನ ಮನೆಯೊಳಗೆ ತಂದ್ರೆ ಹಿಮ ಕರಗಿ ಸಂದಿಗಿಳಿದು, ಹೊರಗೆ ಹೋದ ಕೂಡ್ಲೇ ಮತ್ತೆ ಕಲ್ಲಾಗುತ್ತೆ.

ಮಾರ್ಕೆತ್ತಾ: ಸರಿ, ಇದನ್ನೇ ಕೊಡಿ. ನಾಳೆ ಬೆಳಿಗ್ಗೆ ಏಳಕ್ಕೆ ಕೆಲಸದಲ್ಲಿರಬೇಕು. ನಿನ್ನೆ ಚೈನು ತುಂಡಾಗಿ ಎರಡು ಗಂಟೆ ತಡ ಆಯ್ತು.

ತೈಸ್ತೊ: ನೀವು ನರ್ಸ್‌ಗಳೆಲ್ಲ ಹೀಗೇ. ನಮ್ಮಮ್ಮ ನಿನ್ನೆ ಒಂಬತ್ತು ಗಂಟೆವರೆಗೂ ಗಂಜಿ ಇಲ್ಲ, ಮಾತ್ರೆ ಇಲ್ಲ, ಸುಮ್ನೆ ಕಾಯ್ತಾ ಕೂತಿದ್ರಂತೆ. ಫೋನಲ್ಲಿ ಹೇಳಿದ್ರು. ಎಂಥ ಬೇಜವಾಬ್ದಾರಿ ಹೆಂಗಸೋ!

ಮಾರ್ಕೆತ್ತಾ ನಿಧಾನವಾಗಿ ಕೈಗವಸು ಕಳಚಿದಳು.

ಮಾರ್ಕೆತ್ತಾ: ಪಿಸ್ಪಲ ಗುಡ್ಡದ ಮೇಲೆ ಹಳದಿ ಮರದ ಮನೆ. ಲೆಂಪಿ ಅಮ್ಮ. ಹೌದಾ?

ತೈಸ್ತೊ ಹೌದೆಂದು ತಲೆಯಾಡಿಸಿದ.

ಮಾರ್ಕೆತ್ತಾ: ಆ ಬೇಜವಾಬ್ದಾರಿ ಹೆಂಗಸು ನಾನೇ. ತುಂಡಾದ ಚೈನು ಜೇಬಲ್ಲಿಟ್ಕೊಂಡು ಆ ಗುಡ್ಡಕ್ಕೆ ಸೈಕಲ್ ತಳ್ಕೊಂಡು ಹೋದೆ. ನಿಮ್ಮಮ್ಮ ಬೈಲಿಲ್ಲ. ಎರಡು ಬಟ್ಟಲು ಗಂಜಿ ತಿಂದು, 'ನನ್ನ ಮಗಂದೂ ಸೈಕಲ್ ಅಂಗಡೀನೇ. ಪಾಪ, ಚಳಿಗಾಲದಲ್ಲಿ ಈ ಗುಡ್ಡ ಹತ್ತೋಕಾಗಲ್ಲ ಅಂತಾನೆ. ಕ್ರಿಸ್‌ಮಸ್‌ಗೂ ಫೋನೇ' ಅಂದ್ರು.

ತೈಸ್ತೊನ ಕಿವಿ ಕೆಂಪಾಯಿತು. ಅವನು ಮಂಡಿಯೂರಿ ಮೂರು ಗೇರಿನ ಸೈಕಲ್ಲಿನ ಮುಚ್ಚಳ ಬಿಚ್ಚಿ, ಚೈನಿನ ಕೊಂಡಿ ಕೊಂಡಿಗೂ ಎಣ್ಣೆ ಬಿಡತೊಡಗಿದ.

ತೈಸ್ತೊ: (ತಲೆ ಎತ್ತದೆ) ಇಗೊಳ್ಳಿ. ನಾಳೆ ತಡ ಆಗಲ್ಲ.

ಮಾರ್ಕೆತ್ತಾ: ಆ ಗುಡ್ಡಕ್ಕೆ ಮೂರು ಗೇರು ಸಾಕಾ?

ತೈಸ್ತೊ: ಧಾರಾಳ. ಎಷ್ಟೇ ಹಿಮ ಬಿದ್ರೂ ಹತ್ತಿಬಿಡುತ್ತೆ.

ಮಾರ್ಕೆತ್ತಾ: ಹಾಗಾದ್ರೆ ಎರಡು ತೆಗೀರಿ.

ತೈಸ್ತೊ: ಎರಡ್ಯಾಕೆ? ನಿಮ್ಮ ಯಜಮಾನ್ರಿಗಾ?

ಮಾರ್ಕೆತ್ತಾ: ನಿಮಗೆ. ಏಳಕ್ಕೆ ಗುಡ್ಡದ ಬುಡದಲ್ಲಿ ಸಿಗಿ. ಮಾತ್ರೆ ನಾನು ಕೊಡ್ತೀನಿ, ಗಂಜಿ ನೀವು ಕಾಯ್ಸಿ.