ಒಂಬತ್ತನೇ ಜಾಗದ ಅಭಿಮಾನಿಗಳು

ನಮ್ಮ ಕಾಲೇಜಿನಲ್ಲಿ ಓದಿದ ನಾಲ್ಕು ಜನ ಎಲ್ಲೇ ಸೇರಲಿ, ಊಟಕ್ಕೆ ಮೊದಲು ಫುಟ್‌ಬಾಲ್ ಬರುತ್ತದೆ, ಫುಟ್‌ಬಾಲಿನ ಹಿಂದೆಯೇ ಎದೆ ಹೊಡೆದುಕೊಳ್ಳುವುದೂ ಬರುತ್ತದೆ. ನಾನು ಮಸ್ಕತ್ತಿಗೆ ಬಂದು ಹದಿನೆಂಟು ವರ್ಷವಾಯಿತು, ಈ ಕಾಯಿಲೆ ಗುಣವಾಗುವ ಲಕ್ಷಣ ಕಾಣುವುದಿಲ್ಲ. ರೂವಿಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ನಾನು ರಿಸೆಪ್ಶನಿಸ್ಟ್. ಹೆದರಿ ಬಂದವರನ್ನು "ಏನೂ ಆಗುವುದಿಲ್ಲ, ಕೂತುಕೊಳ್ಳಿ" ಎಂದು ಸಮಾಧಾನ ಮಾಡುವುದೇ ನನ್ನ ಕೆಲಸ. ಆದರೆ ಊರಿನಲ್ಲಿ ಕಾಲೇಜು ತಂಡದ ಆಟ ಇದ್ದ ದಿನ ನನ್ನನ್ನು ಸಮಾಧಾನ ಮಾಡಲು ರೋಗಿಗಳೇ ಮುಂದೆ ಬರಬೇಕಾಗುತ್ತದೆ.

ಗೊತ್ತಿಲ್ಲದವರಿಗೆ ವಿಷಯ ಇಷ್ಟು. ವರ್ಷವಿಡೀ ನಮ್ಮ ಕರಾವಳಿಯ ಕಾಲೇಜುಗಳು ಒಂದರ ಜೊತೆ ಒಂದು ಆಡುತ್ತವೆ. ಕೊನೆಗೆ ಅಂಕಪಟ್ಟಿಯ ಮೊದಲ ಎಂಟು ತಂಡಗಳನ್ನು ಮಂಗಳೂರಿನ ದೊಡ್ಡ ಮೈದಾನಕ್ಕೆ ಕರೆಯುತ್ತಾರೆ. ಅಲ್ಲಿ ಸೆಮಿಫೈನಲ್, ಫೈನಲ್ ಎಂಬುದೆಲ್ಲ ಇಲ್ಲ. ಕರೆಸಿಕೊಂಡವರು ಒಂದೇ ಒಂದು ಆಟ ಆಡುವುದು, ಗೆದ್ದವರು ಒಂದು ಕಪ್ ಹಿಡಿದುಕೊಂಡು ಬಸ್ಸು ಹತ್ತುವುದು. ಆ ಕರೆ ಬಂದರೆ ಕಾಲೇಜಿಗೇ ಹಬ್ಬ. ಈ ಸಲ ಕೊನೆಯ ಶನಿವಾರ, ಭಾನುವಾರದ ಆಟಗಳು ಬಾಕಿ ಇದ್ದಾಗ ನಾವು ಒಂಬತ್ತನೆಯ ಜಾಗದಲ್ಲಿದ್ದೆವು.

ನಮಗೆಲ್ಲ ಅದು ಮರ್ಯಾದೆಯ ಪ್ರಶ್ನೆ. ಆದರೆ ನಮ್ಮ ವಾಟ್ಸ್ಆಪ್ ಗುಂಪಿನ ಒಬ್ಬರಿಗೆ ಅದು ಮರ್ಯಾದೆಗಿಂತ ದೊಡ್ಡದಾಗಿತ್ತು. ವಾದಿ ಕಬೀರಿನ ಗ್ಯಾರೇಜೊಂದರಲ್ಲಿ ಸೂಪರ್‌ವೈಸರ್ ಆಗಿರುವ ಅವರು ನಮ್ಮ ಕಾಲೇಜಿನಲ್ಲಿ ಓದಿದವರಲ್ಲ, ಯಾವ ಕಾಲೇಜಿನಲ್ಲೂ ಓದಿದವರಲ್ಲ. ಅವರ ಮಗ ನಮ್ಮ ತಂಡದ ಗೋಲ್‌ಕೀಪರ್. ಹುಡುಗನಿಗೆ ಇದು ಕೊನೆಯ ವರ್ಷ. ಅವನು ಆಡುವುದನ್ನು ಅಪ್ಪ ಇದುವರೆಗೆ ಒಮ್ಮೆಯೂ ಎದುರಿಗೆ ನಿಂತು ನೋಡಿಲ್ಲ. ಆಟದ ಕಾಲದಲ್ಲಿ ರಜೆ ಸಿಗುವುದಿಲ್ಲ, ರಜೆ ಸಿಕ್ಕಿದಾಗ ಆಟ ಇರುವುದಿಲ್ಲ. ಈ ಸಲ ಗಟ್ಟಿ ಮನಸ್ಸು ಮಾಡಿ, ಮಂಗಳೂರಿನ ಆಟದ ವಾರಕ್ಕೇ ರಜೆ ಬರೆಸಿ, ವಿಮಾನದ ಟಿಕೆಟನ್ನೂ ಮಾಡಿಸಿಬಿಟ್ಟಿದ್ದರು. ಟಿಕೆಟ್ ಖಾತ್ರಿಯಾಗಿತ್ತು, ಆಟ ಖಾತ್ರಿಯಾಗಿರಲಿಲ್ಲ.

ಟಿವಿಯಲ್ಲಿ ಆಕಾಶ

ಶನಿವಾರ ನಮ್ಮ ಆಟ. ಒಮಾನಿನಲ್ಲಿ ಶುಕ್ರವಾರ, ಶನಿವಾರ ರಜೆಯಾದ್ದರಿಂದ ಅದೊಂದು ಪುಣ್ಯ. ಊರಿನಲ್ಲಿ ನಾಲ್ಕು ಗಂಟೆಗೆ ಶುರುವಾದರೆ ನಮಗೆ ಎರಡೂವರೆ. ಗ್ಯಾರೇಜಿನ ಅಣ್ಣ ಒಂದು ಗಂಟೆಗೇ ಲಬಾನ್ ಮಜ್ಜಿಗೆಯ ಬಾಟಲಿಗಳ ಚೀಲ ಹಿಡಿದುಕೊಂಡು ನಮ್ಮ ಫ್ಲ್ಯಾಟಿಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಮಜ್ಜಿಗೆ ಕುಡಿದರೆ ಹೊಟ್ಟೆ ತಣ್ಣಗಿರುತ್ತದೆಂದು ಅವರ ನಂಬಿಕೆ. ಆಟ ಶುರುವಾಗುವುದಕ್ಕೆ ಮೊದಲೇ ಮೂರು ಬಾಟಲಿ ಖಾಲಿ ಮಾಡಿದರು.

ನಮಗೆ ಆಟವನ್ನು ಫೋನಿನಿಂದ ಕಳಿಸುವವರು ಕಾಲೇಜಿನ ನಿವೃತ್ತ ಲೈಬ್ರರಿಯನ್. ನಾವು ಓದುವಾಗ ಅವರ ಲೈಬ್ರರಿಯಲ್ಲಿ ಸೀನಿದರೂ ಹೊರಗೆ ಹಾಕುತ್ತಿದ್ದರು. ಆ ಅಭ್ಯಾಸ ಹೋಗಿಲ್ಲ, ಕಾಮೆಂಟರಿಯನ್ನೂ ಪಿಸುಗುಟ್ಟಿಯೇ ಹೇಳುತ್ತಾರೆ. ಅದು ಕೇಳಲಿ ಎಂದು ನಾವು ಟಿವಿಯ ಸದ್ದನ್ನು ಪೂರ್ತಿ ಏರಿಸಿಡುತ್ತೇವೆ. ಗೋಲಾದಾಗ ಮೈದಾನದವರೆಲ್ಲ ಒಟ್ಟಿಗೆ ಕೂಗುತ್ತಾರೆ, ಪಕ್ಕದ ಫ್ಲ್ಯಾಟಿನವರು ಬಂದು ಬಾಗಿಲು ಬಡಿಯುತ್ತಾರೆ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಎದುರಾಳಿಗಳು ನಮ್ಮ ಗೋಲಿನ ಹತ್ತಿರ ಬಂದರೆ ಲೈಬ್ರರಿಯನ್ ಸಾಹೇಬರಿಗೆ ನೋಡಲಾಗುವುದಿಲ್ಲ. ಕಣ್ಣು ಮುಚ್ಚಿ, ಫೋನನ್ನು ತೊಡೆಯ ಮೇಲೆ ಮಲಗಿಸಿಬಿಡುತ್ತಾರೆ. ನಮಗೆ ಟಿವಿ ತುಂಬ ಆಕಾಶ ಕಾಣುತ್ತದೆ. ಎರಡು ತೆಂಗಿನ ಗರಿ, ಒಂದು ಕಾಗೆ, ಕೆಳಗೆಲ್ಲೋ ಜನರ ಬೊಬ್ಬೆ. ಸ್ವಲ್ಪ ಹೊತ್ತಿನ ಮೇಲೆ "ಬದುಕಿದೆವು" ಎಂಬ ಪಿಸುಮಾತು ಬರುತ್ತದೆ, ಆಕಾಶ ಹೋಗಿ ಮೈದಾನ ಕಾಣುತ್ತದೆ. ಹಾಗಾಗಿ ಮೂರು ವರ್ಷದಿಂದ ಗ್ಯಾರೇಜಿನ ಅಣ್ಣ ಟಿವಿಯಲ್ಲಿ ಮಗ ನೀರು ಕುಡಿಯುವುದನ್ನು ನೋಡಿದ್ದಾರೆ, ಶೂವಿನ ದಾರ ಕಟ್ಟುವುದನ್ನು ನೋಡಿದ್ದಾರೆ, ಚೆಂಡು ಹಿಡಿಯುವುದನ್ನು ಮಾತ್ರ ನೋಡಿಲ್ಲ.

ಆ ದಿನ ಆಕಾಶ ಪದೇ ಪದೇ ಬಂತು. ಪ್ರತಿ ಸಲವೂ ಅಣ್ಣ ಎದ್ದು ನಿಂತು ನನ್ನ ಮುಖ ನೋಡುವುದು, ನಾನು ಅವರ ಮುಖ ನೋಡುವುದು. ಕೊನೆಗೆ ಎರಡು ಗೋಲಿಗೆ ಒಂದು ಎಂದು ನಾವೇ ಗೆದ್ದೆವು. ಎಲ್ಲರೂ ಕುಣಿಯುತ್ತಿರುವಾಗ ಅಣ್ಣ ಬೆರಳು ಮಡಚಿ ಏನೋ ಎಣಿಸುತ್ತಿದ್ದರು. ಏನೆಂದು ಕೇಳಿದೆ.

"ಹನ್ನೊಂದು ಸಲ ಆಕಾಶ ಬಂತು ಅಕ್ಕ, ಒಂದು ಗೋಲು ಹೋಯ್ತು. ಹಾಗಾದ್ರೆ ಅವ ಹತ್ತು ಹಿಡಿದಿದ್ದಾನೆ" ಎಂದರು.

ಗಂಡನ ಕಾಲೇಜು

ಗೆದ್ದ ಸಂತೋಷ ಅರ್ಧ ಗಂಟೆಯೂ ಬಾಳಲಿಲ್ಲ. ಖಸಬ್‌ನಿಂದ ಫೋನ್ ಬಂತು. ಅಲ್ಲಿನ ಬಂದರಿನಲ್ಲಿ ಸರಕಿನ ಕಾಗದಪತ್ರ ನೋಡುವ ನಮ್ಮ ಹಳೆಯ ಸಹಪಾಠಿ ಗುಂಪಿನ ಲೆಕ್ಕದವರು. ವರ್ಷವಿಡೀ ಯಾರು ಯಾರಿಗೆ ಎಷ್ಟು ಗೋಲು ಹೊಡೆದರೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಅವರು ಹೇಳಿದ್ದು ಹೀಗೆ: ಈ ಗೆಲುವಿನಿಂದ ನಾವು ಎಂಟನೆಯವರಾಗಿದ್ದೇವೆ. ಆದರೆ ನಮ್ಮಿಂದ ಕೆಳಗೆ ಬಿದ್ದ ಕಾಲೇಜಿಗೆ ನಾಳೆ ಒಂದು ಆಟ ಬಾಕಿ ಇದೆ. ಅವರು ಗೆದ್ದರೆ ನಾವು ಮತ್ತೆ ಒಂಬತ್ತು. ನಾಳೆ ಅವರ ಎದುರು ಆಡುವವರು ಯಾರೆಂದು ಕೇಳಿದೆ. ಖಸಬ್‌ನವರು "ನಿನ್ನ ಗಂಡನ ಕಾಲೇಜು" ಎಂದರು.

ಮದುವೆಗೆ ಮೊದಲು ಹುಡುಗನ ಮನೆ, ಕೆಲಸ, ಕುಡಿತ ಎಲ್ಲವನ್ನೂ ವಿಚಾರಿಸಿದ ನನ್ನ ಅಪ್ಪ ಕಾಲೇಜು ವಿಚಾರಿಸುವುದನ್ನು ಮರೆತಿದ್ದರು. ಅದು ನಮ್ಮ ಕಾಲೇಜಿನ ಹುಟ್ಟು ವೈರಿ. ಇಷ್ಟು ವರ್ಷ ನಾನು ಆ ಹೆಸರನ್ನು ಮನೆಯಲ್ಲಿ ಎತ್ತಲು ಬಿಟ್ಟಿರಲಿಲ್ಲ. ಗಂಡನಿಗೂ ಫುಟ್‌ಬಾಲ್ ಎಂದರೆ ಅಷ್ಟಕ್ಕಷ್ಟೇ, ನಾವು ಆಟ ನೋಡುವಾಗ ಒಳಗೆ ಹೋಗಿ ಮಲಗುತ್ತಿದ್ದರು. ಈಗ ಸುದ್ದಿ ಕೇಳಿದ್ದೇ ಎದ್ದು ಬಂದು ಸೋಫಾದ ಸರೀ ನಡುವಿನಲ್ಲಿ ಕೂತರು. ನಾಳೆ ನಮ್ಮ ಹುಡುಗರು ಆಡಬೇಕಾದರೆ ಇಲ್ಲಿ ನಮ್ಮ ಮನಸ್ಸೂ ಸಂತೋಷವಾಗಿರಬೇಕಲ್ಲ ಎಂದರು. ಸಂತೋಷಕ್ಕೆ ಏನು ಬೇಕೆಂದು ಕೇಳಿದೆ. ಬಂಗುಡೆ ಪುಳಿಮುಂಚಿ ಬೇಕಂತೆ. ಮಾಡಿದೆ. ಅವರು ಒಂದೊಂದೇ ಮೀನು ಬಿಡಿಸಿ ತಿನ್ನುತ್ತಾ ತಮ್ಮ ಕಾಲೇಜಿನ ಚರಿತ್ರೆ ಹೇಳಿದರು. ನಾನು ಹಲ್ಲು ಕಚ್ಚಿಕೊಂಡು ಹೌದು ಹೌದು ಎಂದೆ. ಮಗಳು ಬಾಗಿಲಲ್ಲಿ ನಿಂತು, "ಮಮ್ಮಿ, ಆರ್ ಯೂ ಓಕೆ?" ಎಂದು ಕೇಳಿದಳು.

ಸಂಜೆ ಚರ್ಚಿಗೆ ಹೋದೆವು. ನಾನು ಮಂಡಿಯೂರಿ ಕೂತರೂ ವೈರಿ ಗೆಲ್ಲಲಿ ಎಂದು ಬೇಡಿಕೊಳ್ಳಲು ನಾಲಿಗೆ ಹೊರಳಲಿಲ್ಲ. ಕೊನೆಗೆ ಅವರ ಎದುರಾಳಿಗಳಿಗೆ ಒಂದು ಸಣ್ಣ, ಎರಡೇ ದಿನದಲ್ಲಿ ಗುಣವಾಗುವಂಥ ಕಾಲುನೋವು ಬರಲಿ ಎಂದು ಕೇಳಿಕೊಂಡೆ. ಪಕ್ಕದಲ್ಲಿ ಗಂಡ ಬಹಳ ಹೊತ್ತು ಕಣ್ಣು ಮುಚ್ಚಿ ಭಕ್ತಿಯಿಂದ ಪ್ರಾರ್ಥಿಸುತ್ತಿದ್ದರು. ಆ ಬಂಗುಡೆ ದಂಡವಾಗಲಿಲ್ಲ ಎಂದು ನನಗೆ ಸಮಾಧಾನವಾಯಿತು. ಹೊರಗೆ ಬಂದ ಮೇಲೆ ಏನು ಕೇಳಿಕೊಂಡಿರಿ ಎಂದೆ.

"ನನ್ನ ಸೊಂಟನೋವು ಒಂದು ಕಮ್ಮಿ ಆಗ್ಲಿ ಅಂತ" ಎಂದರು.

ಒಂಬತ್ತು ನಿಮಿಷದ ಉತ್ತರ

ಭಾನುವಾರ ಊರಿನಲ್ಲಿ ರಜೆ, ಒಮಾನಿನಲ್ಲಿ ವಾರದ ಮೊದಲ ಕೆಲಸದ ದಿನ. ನಾನು ಕ್ಲಿನಿಕ್ಕಿನ ಮೇಜಿನ ಕೆಳಗೆ ಫೋನ್ ಇಟ್ಟುಕೊಂಡಿದ್ದೆ. ಗ್ಯಾರೇಜಿನಲ್ಲಿ ಏನಾಯಿತೆಂದು ಅಣ್ಣನೇ ಆಮೇಲೆ ಹೇಳಿದರು.

ಅವರು ಫೋನನ್ನು ಟೂಲ್‌ಬಾಕ್ಸಿಗೆ ಆನಿಸಿಟ್ಟು, ಲೈಬ್ರರಿಯನ್ ಸಾಹೇಬರು ಕಳಿಸುತ್ತಿದ್ದ ಆಟ ನೋಡುತ್ತಿದ್ದರಂತೆ. ಸೀಬ್‌ನಿಂದ ಪಿಕಪ್ಪಿನ ಬ್ರೇಕ್ ಸರಿ ಮಾಡಿಸಲು ಬಂದ ಹಿರಿಯ ಒಮಾನಿಯೊಬ್ಬರು ಹಿಂದೆ ಬಂದು ನಿಂತರು. ಮಗ ಆಡುತ್ತಾನಾ ಎಂದು ಹಿಂದಿಯಲ್ಲಿ ಕೇಳಿದರು. ಇಲ್ಲ ಎಂದರು ಅಣ್ಣ. ಮಗನ ಕಾಲೇಜಾ? ಅದೂ ಅಲ್ಲ. ಹಾಗಾದರೆ ನನ್ನ ಬ್ರೇಕ್ ಬಿಟ್ಟು ಇದನ್ನು ಯಾಕೆ ನೋಡುತ್ತೀ ಎಂದು ಅವರು ಕೇಳಿದರು. ಅಣ್ಣ ನೆಲದ ಮೇಲೆ ನಟ್ಟು, ಬೋಲ್ಟು ಜೋಡಿಸಿ, ಇದು ಎಂಟನೆಯವರು, ಇದು ಒಂಬತ್ತನೆಯವರು, ಇವರು ಅವರನ್ನು ತಡೆದರೆ ನಾನು ನನ್ನ ಮಗನನ್ನು ನೋಡಬಹುದು ಎಂದು ವಿವರಿಸಿದರಂತೆ. ಒಮಾನಿಗೆ ಒಂದೇ ಸಲಕ್ಕೆ ಅರ್ಥವಾಯಿತು. ನಮ್ಮ ದೇಶದ ತಂಡ ವಿಶ್ವಕಪ್ಪಿಗೆ ಹೋಗುತ್ತದೋ ಇಲ್ಲವೋ ಎಂದು ನಾವೂ ಹೀಗೇ ಕೂಡಿಸಿ ಕಳೆದು ನೋಡುತ್ತೇವೆ ಎಂದು ಹೇಳಿ ಅಲ್ಲೇ ಒಂದು ಟಯರಿನ ಮೇಲೆ ಕೂತರು.

ಆಟ ಒಂದಕ್ಕೊಂದು ಎಂದು ಸಮವಾಗಿ ಮುಗಿಯಿತು. ಈಗ ಅವರ ಅಂಕವೂ ನಮ್ಮ ಅಂಕವೂ ಸಮ. ವರ್ಷದ ಗೋಲುಗಳ ಲೆಕ್ಕ ಹಾಕಿದರೆ ಮಾತ್ರ ಯಾರು ಎಂಟನೆಯವರೆಂದು ಗೊತ್ತಾಗಬೇಕು. ಆ ಲೆಕ್ಕ ಇರುವುದು ಖಸಬ್‌ನವರ ನೋಟ್‌ಬುಕ್ಕಿನಲ್ಲಿ. ಅವರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಸರಕು ನೋಡಲು ಯಾವುದೋ ದೋಣಿ ಹತ್ತಿದ್ದರು. ನಾನು ಮೇಜಿನ ಕೆಳಗೇ ಮತ್ತೆ ಮತ್ತೆ ಅದೇ ನಂಬರು ಒತ್ತುತ್ತಾ ಕೂತೆ. ಹಲ್ಲು ಕೀಳಿಸಲು ಬಂದು ಕೂತಿದ್ದವರೊಬ್ಬರು ನನ್ನ ಮುಖ ನೋಡಿ, ನನ್ನ ಕೇಸು ಅಷ್ಟು ಸೀರಿಯಸ್ಸಾ ಎಂದು ಕೇಳಿ ಎದ್ದು ಹೊರಟೇ ಹೋದರು.

ಇಪ್ಪತ್ತು ನಿಮಿಷದ ಮೇಲೆ ಖಸಬ್‌ನಿಂದ ಉತ್ತರ ಬಂತು, ಒಂಬತ್ತು ನಿಮಿಷ ಉದ್ದದ ವಾಯ್ಸ್ ಮೆಸೇಜು. ಮೊದಲನೆಯ ಆಟದಿಂದ ಶುರು ಮಾಡಿ ಒಂದೊಂದೇ ಗೋಲು ಹೇಳುತ್ತಾ ಹೋಗುತ್ತಿದ್ದರು. ಗ್ಯಾರೇಜಿನಲ್ಲಿ ಒಮಾನಿ ತಡೆಯಲಾರದೆ ಮೆಸೇಜನ್ನು ಮುಂದಕ್ಕೆ ತಳ್ಳಲು ಬೆರಳು ಚಾಚಿದರು. ಅಣ್ಣ ಕೈ ಹಿಡಿದುಕೊಂಡರು. ಬೇಡ ಸಾಬ್, ನಡುವೆ ಹಾರಿಸಿದರೆ ಒಂದು ಗೋಲು ಕಮ್ಮಿಯಾದೀತು ಎಂದರಂತೆ. ಇಬ್ಬರೂ ಪೂರ್ತಿ ಕೇಳಿದರು. ಎಂಟನೆಯ ನಿಮಿಷದಲ್ಲಿ ಉತ್ತರ ಸಿಕ್ಕಿತು. ಒಂದೇ ಒಂದು ಗೋಲಿನ ಅಂತರದಲ್ಲಿ ನಾವು ಎಂಟನೆಯವರು, ನಿನ್ನೆ ಗೋಲ್‌ಕೀಪರ್ ಇನ್ನೊಂದು ಬಿಟ್ಟಿದ್ದರೆ ಕಥೆ ಮುಗಿದಿತ್ತು ಎಂದಿದ್ದರು ಖಸಬ್‌ನವರು. ಅಣ್ಣ ಅತ್ತರು. ಒಮಾನಿ ಅವರನ್ನು ಅಪ್ಪಿಕೊಂಡು ಬೆನ್ನು ತಟ್ಟಿ, ಖಲಾಸ್, ಎಲ್ಲ ಒಳ್ಳೆಯದಾಯಿತು, ಯಲ್ಲಾ ನಾನು ಬರುತ್ತೇನೆ ಎಂದು ಪಿಕಪ್ ಹತ್ತಿ, ಸ್ಟಾರ್ಟ್ ಮಾಡಿ, ಗೇರ್ ಹಾಕಿದರಂತೆ.

ಬ್ರೇಕಿಗೆಂದು ಬಿಚ್ಚಿಟ್ಟಿದ್ದ ಅವರದೇ ಗಾಡಿಯ ಹಿಂದಿನ ಚಕ್ರದ ಮೇಲೆ ಅವರು ಅಷ್ಟು ಹೊತ್ತು ಕೂತಿದ್ದರು.

ಗೋಲಿನ ಹಿಂದೆ

ಅಣ್ಣ ಊರಿಗೆ ಹೊರಟರು. ಗೋಲಿನ ಹತ್ತಿರ ನಿಂತು ನಮಗೆ ವಿಡಿಯೋ ಕಳಿಸಿ ಎಂದು ಗುಂಪಿನವರೆಲ್ಲ ಕೇಳಿಕೊಂಡೆವು. ಯಾವಾಗಲೂ ಯಾರಿಗೂ ಇಲ್ಲ ಎನ್ನದವರು ಈ ಸಲ ಖಡಾಖಂಡಿತವಾಗಿ ಇಲ್ಲ ಎಂದರು. ಇಷ್ಟು ವರ್ಷ ಮಗನನ್ನು ಫೋನಿನಲ್ಲಿ ನೋಡಿದ್ದು ಸಾಕು, ಆ ದಿನ ಫೋನ್ ಕಿಸೆಯಲ್ಲೇ ಇರುತ್ತದೆ ಎಂದರು. ಮೈದಾನದವರು ಬೇರೆಯವರಿಗೂ ವಿಡಿಯೋ ಮಾಡಲು ಬಿಡಲಿಲ್ಲ. ಹಾಗಾಗಿ ಆಟ ನಡೆದ ಶುಕ್ರವಾರ ನಮಗೆ ಸಿಕ್ಕಿದ್ದು ಲೈಬ್ರರಿಯನ್ ಸಾಹೇಬರು ಗೋಲಾದಾಗ ಕಳಿಸುತ್ತಿದ್ದ ಅಂಕಿಗಳು ಮಾತ್ರ.

ಒಂದು ಸೊನ್ನೆ ಎಂದು ಬಂತು. ಎರಡು ಸೊನ್ನೆ. ನಮ್ಮ ಹಾಲ್‌ನಲ್ಲಿ ಕುಣಿತ ಶುರುವಾಯಿತು. ಮೂರು, ನಾಲ್ಕು, ಕೊನೆಗೆ ಐದು ಸೊನ್ನೆ. ಇಂಥ ಗೆಲುವನ್ನು ನಾವು ಓದುವ ಕಾಲದಲ್ಲೂ ಕಂಡಿರಲಿಲ್ಲ. ಗಂಡ ಕೂಡ ಎದ್ದು ಬಂದು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಅಣ್ಣನ ದನಿ ಕೇಳುವವರೆಗೆ ಸಮಾಧಾನವಿರಲಿಲ್ಲ. ಫೋನ್ ಮಾಡುತ್ತಲೇ ಇದ್ದೆ. ಒಂದು ಗಂಟೆಯ ಮೇಲೆ ಎತ್ತಿದರು.

ಮಗನ ಆಟ ನೋಡಿದಿರಾ ಎಂದು ಕೇಳಿದೆ. ಗೋಲಿನ ಹಿಂದೆಯೇ ನಿಂತು ನೋಡಿದರಂತೆ. ಅರ್ಧ ಆಟವಾದ ಮೇಲೆ ಮಗ ಮೈದಾನದ ಆ ತುದಿಗೆ ಹೋದಾಗ ಇವರೂ ಇಡೀ ಮೈದಾನ ಸುತ್ತಿ ಆ ತುದಿಗೆ ಹೋದರಂತೆ. ಎಷ್ಟು ಹಿಡಿದ ಎಂದು ಕೇಳಿದೆ.

"ಚೆಂಡು ಅವನ ಹತ್ರ ಬರ್ಲೇ ಇಲ್ಲ ಅಕ್ಕ" ಎಂದರು. "ನಮ್ಮವರು ಅದನ್ನು ಈಚೆ ಬರ್ಲಿಕ್ಕೇ ಬಿಡ್ಲಿಲ್ಲ."

ಐದು ಗೋಲು ಹೊಡೆದ ಹುಡುಗರ ಮೇಲೆ ಜೀವನದಲ್ಲಿ ಮೊದಲ ಸಲ ಸಿಟ್ಟು ಬಂತು. ಮನುಷ್ಯ ಸಮುದ್ರ ದಾಟಿ ಬಂದು ನಿಂತಿದ್ದಾನೆ, ಎರಡು ಸಲ ದಾರಿ ಬಿಟ್ಟುಕೊಟ್ಟಿದ್ದರೆ ಇವರ ಗಂಟು ಏನು ಹೋಗುತ್ತಿತ್ತು? ದಿನವಿಡೀ ಜನರನ್ನು ಸಮಾಧಾನ ಮಾಡುವ ನಾನು, ಮಗನನ್ನು ಮಾತಾಡಿಸಿದಿರಾ ಎಂದಷ್ಟೇ ಕೇಳಿದೆ.

"ಒಮ್ಮೆ ಕರೆದೆ, ಅವ ತಿರುಗ್ಲಿಲ್ಲ. ಡ್ಯೂಟಿಯಲ್ಲಿದ್ದಾನಲ್ಲ" ಎಂದರು. ದನಿಯಲ್ಲಿ ಬೇಸರ ಇರಲಿಲ್ಲ, ನನಗೇ ಧೈರ್ಯ ಹೇಳುವಂತೆ ಮಾತಾಡುತ್ತಿದ್ದರು. "ಅಕ್ಕ, ನಾನು ಇಪ್ಪತ್ತೆರಡು ವರ್ಷದಿಂದ ಗ್ಯಾರೇಜಲ್ಲಿ ಜನರನ್ನು ನೋಡ್ತಾ ಇದ್ದೇನೆ. ಕೆಲಸ ಇರುವಾಗ ಯಾರಾದ್ರೂ ಮಾಡ್ತಾರೆ. ಕೆಲಸ ಇಲ್ಲದಾಗ ಎಲ್ರೂ ಹೋಗಿ ಎಲ್ಲಿಯಾದ್ರೂ ಒರಗ್ತಾರೆ. ಇವ ತೊಂಬತ್ತು ನಿಮಿಷ ಬಿಸಿಲಲ್ಲಿ ನಿಂತ ನೋಡಿ. ಎರಡು ಕಡೆ ಎರಡು ಕಂಬ ಉಂಟು, ಒಂದು ಸಲವೂ ಒರಗ್ಲಿಲ್ಲ."