ಗುಂಡು ಕೂರಿಸಲು ಹೋಗಿ ಪೋಲಿಯಾದೆ

ಬಿಗಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ! ಇದು ಜಂಭವಲ್ಲ, ಉದ್ಯೋಗ. ಇಂಜೆಕ್ಷನ್ ಔಷಧಿಯ ಪುಟಾಣಿ ಬಾಟಲಿಗೆ ರಬ್ಬರ್ ಬಿರಡೆ ಕೂರಿಸಿ, ಮೇಲೆ ಅಲ್ಯೂಮಿನಿಯಂ ಮುಚ್ಚಳ ಬಿಗಿಸುವ ವಿಭಾಗಕ್ಕೆ ನಾನೇ ಮ್ಯಾನೇಜರ್. ಮೈಸೂರಿನಲ್ಲಿ ಬಿಗಿಸಿ ಬಿಗಿಸಿ ಹೆಸರು ಮಾಡಿದ್ದಕ್ಕೇ 2005ರಲ್ಲಿ ನೈರೋಬಿಯ ಕಾರ್ಖಾನೆಯೊಂದು ಈ ಬಾಲಕೃಷ್ಣನನ್ನು ವಿಮಾನ ಹತ್ತಿಸಿ ಕರೆಸಿಕೊಂಡಿತು.

ಬಂದು ಇನ್ನೂ ನೆಲೆಯೂರಿರಲಿಲ್ಲ, ಪ್ಲಾಂಟ್ ಹೆಡ್ ಕೃಷ್ಣಪ್ರಸಾದರು ಊರಿಗೆ ವಾಪಸಾಗುವ ಸುದ್ದಿ ಬಂತು. ಅವರ ಕುರ್ಚಿ ಖಾಲಿ! ಆ ಕುರ್ಚಿಯ ಜೊತೆಗೆ ಸ್ಪ್ರಿಂಗ್ ವ್ಯಾಲಿಯಲ್ಲಿ ತೋಟವಿರುವ ಬಂಗಲೆ. ಕಿಲೆಲೆಶ್ವಾದ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ತುಳಸಿ ಗಿಡಕ್ಕೂ ಒದ್ದೆ ಬಟ್ಟೆಗೂ ದಿನಾ ಜಗಳ. ನನ್ನ ಹೆಂಡತಿ ಗಿರಿಜಾ ಮನಸ್ಸಿನಲ್ಲೇ ಆ ಬಂಗಲೆಗೆ ಕರ್ಟನ್ ಹಾಕಿಬಿಟ್ಟಿದ್ದಳು. ಆ ಕುರ್ಚಿ ಸಿಗದಿದ್ದರೆ ನನಗೆ ಮನೆಯಲ್ಲಿ ಕೂರಲು ಸ್ಟೂಲೂ ಸಿಗುವಂತಿರಲಿಲ್ಲ.

ಕುರ್ಚಿ ಕೊಡುವವರು ಮಾಲೀಕ ಅತುಲ್ ಭಾಯಿ. ನೈರೋಬಿಯಲ್ಲೇ ಹುಟ್ಟಿ ಬೆಳೆದವರು, ರೈಫಲ್ ಕ್ಲಬ್ಬಿನ ಹುಚ್ಚು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ನಿಟ್ಟುಸಿರು ಬಿಟ್ಟರು.

"ಭಾನುವಾರ ಸ್ಪರ್ಧೆ ಇದೆ. ಖಾಲಿ ತೋಟಾಗಳಿಗೆ ಮತ್ತೆ ಗುಂಡು ಕೂರಿಸಿ ಬಾಯಿ ಬಿಗಿಸಬೇಕು. ಟೈಮೇ ಇಲ್ಲ."

"ಸರ್! ಕೂರಿಸೋದು, ಬಿಗಿಸೋದು, ಇದೇ ತಾನೇ ನನ್ನ ಕಸುಬು? ನನಗೆ ಬಿಡಿ!"

ಅವರ ಮುಖ ಅರಳಿತು. ತೋಟದ ಆಸೆಗೆ ತೋಟಾ ಹಿಡಿದೆ ನಾನು!

ಮನೆಗೆ ಬಂದು ಎದೆಯುಬ್ಬಿಸಿ ಹೇಳಿದೆ. "ಗಿರಿಜಾ, ಶನಿವಾರ ಕ್ಲಬ್ಬಲ್ಲಿ ಬಾಸ್‌ಗೆ ಗುಂಡು ರೆಡಿ ಮಾಡ್ಬೇಕು."

"ಥೂ! ಅವತ್ತು ಸಂಕಷ್ಟಿ ಕಣ್ರೀ! ಗ್ಲಾಸಿಗೆ ಸುರಿದು ಕೊಡೋ ಕೆಲಸಕ್ಕೂ ಇಳಿದ್ರಾ?"

"ಆ ಗುಂಡಲ್ಲ ಕಣೇ, ಬಂದೂಕಿನ ಗುಂಡು!"

"ಹಾಗಾದ್ರೆ ಉಪವಾಸ ಮಾಡ್ಕೊಂಡೇ ಮಾಡಿ. ಕೈಕಾಲಾದ್ರೂ ಉಳೀಲಿ."

ಶನಿವಾರ ಹಸಿದ ಹೊಟ್ಟೆಯಲ್ಲಿ ಕ್ಲಬ್ಬಿಗೆ ಹೋದೆ. ಅಲ್ಲಿನ ಮೇಲ್ವಿಚಾರಕಿ ವಂಜಿಕು ಮೇಡಂ, ನಿವೃತ್ತ ಪೊಲೀಸ್ ಅಧಿಕಾರಿ, ಆಜಾನುಬಾಹು. ಮದ್ದನ್ನು ತಾವೇ ತುಂಬಿಟ್ಟಿದ್ದರು. ಹಿತ್ತಾಳೆಯ ತೋಟಾದ ಬಾಯಿಗೆ ಗುಂಡು ಕೂರಿಸಿ ಯಂತ್ರದ ಸನ್ನೆ ಎಳೆಯುವುದಷ್ಟೇ ನನ್ನ ಪಾಲು. "ಮೊದಲು ಎಲ್ಲವನ್ನೂ ಕೂರಿಸಿ. ಆಮೇಲೆ ಹಗುರವಾಗಿ ಬಿಗಿಸಿ. ಕೊನೆಗೆ ಅಳತೆ ನೋಡಿ," ಎಂದು ಇಂಗ್ಲಿಷಿನಲ್ಲಿ ಪಾಠ ಮಾಡಿದರು. ನಾನು ಒಳಗೊಳಗೇ ನಕ್ಕೆ. ಎರಡು ಸಲ ಯಾಕೆ? ನಮ್ಮ ಕಾರ್ಖಾನೆಯಲ್ಲಿ ಒಂದೇ ಏಟಿಗೆ ಎರಡೂ! ಯಂತ್ರವನ್ನು ಹಾಗೇ ಹೊಂದಿಸಿ, ಇದ್ದಬದ್ದ ಶಕ್ತಿಯನ್ನೆಲ್ಲ ಬಿಟ್ಟು ಸನ್ನೆ ಎಳೆದೆ.

"ಪೋಲೆ ಪೋಲೆ!" ಎಂದರು ಮೇಡಂ.

ಪೋಲಿ? ನಾನಾ? ತಲೆಯೆತ್ತಿ ಸರಿಯಾಗಿ ಮುಖವನ್ನೂ ನೋಡಿರಲಿಲ್ಲವಲ್ಲ! ಉಪವಾಸದ ದಿನ, ಪರದೇಶದಲ್ಲಿ, ಅಪರಿಚಿತ ಹೆಂಗಸಿನ ಬಾಯಲ್ಲಿ, ಅದೂ ಎರಡೆರಡು ಸಲ! ಈಕೆಗೆ ಕನ್ನಡ ಬೈಗುಳ ಕಲಿಸಿದ್ದು ಆ ಕೃಷ್ಣಪ್ರಸಾದನೇ ಇರಬೇಕು. ಬೇಗ ಮುಗಿಸಿ ಓಡಿಹೋಗೋಣವೆಂದು ಕಣ್ಣು ಕೆಳಗೆ ಹಾಕಿ ಸರಸರ ಎಳೆದೆ. ನಾನು ಅವಸರ ಮಾಡಿದಷ್ಟೂ ಆಕೆ ದನಿಯೇರಿಸಿ "ಪೋಲೆ ಪೋಲೆ!" ಎನ್ನುತ್ತಲೇ ಇದ್ದರು. ಪುಣ್ಯಕ್ಕೆ ಯಾರೋ ಹೊರಗೆ ಕರೆದರು, ಹೋದರು. ಅಳತೆ ನೋಡಲು ನನಗೆಲ್ಲಿಯ ಸಮಾಧಾನ? ನಮ್ಮ ಕಾರ್ಖಾನೆಯ ಪದ್ಧತಿಯಂತೆ ತಲೆಕೆಳಗು ಮಾಡಿ ಅಲ್ಲಾಡಿಸಿ ನೋಡಿದೆ. ಒಂದು ಹನಿಯೂ ಸೋರಲಿಲ್ಲ! ಪಾಸ್!

ಅವಮಾನವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳದೆ ಹೆಂಡತಿಗೆ ಹೇಳಿದ್ದು ಮುಂದಿನ ಮೂರ್ಖತನ.

"ಸುಮ್ಸುಮ್ನೆ ಯಾರೂ ಪೋಲಿ ಅನ್ನಲ್ಲ. ಏನ್ ಮಾಡ್ತಿದ್ರಿ?"

"ಬಿಗಿಸ್ತಾ ಇದ್ದೆ."

"ಏನನ್ನ? ನಾಳೆ ನಾನೂ ಬರ್ತೀನಿ!"

ಭಾನುವಾರ ಗಿರಿಜಾ ರೇಷ್ಮೆ ಸೀರೆಯುಟ್ಟು, ಮಗಳು ಅಮೂಲ್ಯಾಳ ಕೈ ಹಿಡಿದು, ಯುದ್ಧಸನ್ನದ್ಧಳಾಗಿ ಬಂದಳು. ಅತುಲ್ ಭಾಯಿ ನೆಲಕ್ಕೆ ಬೋರಲು ಬಿದ್ದು ತೋಟಾ ಹಾಕಿದರು. ಒಳಗೇ ಹೋಗಲಿಲ್ಲ. ಇನ್ನೊಂದು ಹಾಕಿದರು. ಅರ್ಧಕ್ಕೆ ನಿಂತಿತು. ಒಂದೇ ಏಟಿಗೆ ಕೂರಿಸಿ ಬಿಗಿಸಿದ್ದರಿಂದ ಅಷ್ಟೂ ತೋಟಾಗಳ ಕತ್ತು ಹೊಸ ಸೊಸೆಯ ಕರ್ಜಿಕಾಯಿಯಂತೆ ಉಬ್ಬಿಹೋಗಿತ್ತು! ಸೋರುತ್ತದೆಯೇ ಎಂದು ನೋಡಿದವನು ಬಂದೂಕಿನೊಳಗೆ ಹೋಗುತ್ತದೆಯೇ ಎಂದು ನೋಡಿರಲಿಲ್ಲ. ಅಕ್ಕಪಕ್ಕದವರೆಲ್ಲ ಢಂ ಢಂ ಎನ್ನಿಸುತ್ತಿದ್ದರೆ ನಮ್ಮ ಮಾಲೀಕರ ರೈಫಲ್ಲಿಗೆ ಮಾತ್ರ ಮೌನವ್ರತ. ಒಂದೂ ಗುಂಡು ಹಾರಿಸದೆ ಎದ್ದರು. ನನಗೆ ಅಲ್ಲೇ ಕೂತು ಅತ್ತುಬಿಡೋಣ ಎನ್ನಿಸಿತು.

ವಂಜಿಕು ಮೇಡಂ ಹತ್ತಿರ ಬಂದರು. ನನ್ನ ಹೆಗಲ ಮೇಲೆ ಕೈಯಿಟ್ಟು "ಪೋಲೆ ಸಾನಾ" ಎಂದರು.

"ಕೇಳಿಸ್ಕೊಂಡ್ರಾ?" ಗಿರಿಜಾ ಸೆರಗು ಸಿಕ್ಕಿಸಿದಳು. "ಪೋಲಿ, ಅದೂ ಸ್ಯಾನೆ ಅಂತೆ! ಮೇಲೆ ಹೆಗಲಿಗೆ ಕೈ ಬೇರೆ!"

ಅಮೂಲ್ಯಾ ಹಣೆ ಚಚ್ಚಿಕೊಂಡಳು. "ಅಮ್ಮಾ, ಸ್ಟಾಪ್ ಇಟ್! ಇಟ್ಸ್ ಸ್ವಾಹಿಲಿ, ಸ್ಕೂಲಲ್ಲಿ ಟೀಚ್ ಮಾಡಿದ್ರು. ಪೋಲೆ ಪೋಲೆ, ಎರಡು ಸಲ ಅಂದ್ರೆ ಸ್ಲೋಲಿ. ಬರೀ ಪೋಲೆ ಅಂದ್ರೆ ಸಾರಿ. ಸಾನಾ ಮೀನ್ಸ್ ವೆರಿ."

ನಿಧಾನ, ನಿಧಾನ ಎಂದು ಗಂಟಲು ಹರಿದುಕೊಂಡಿದ್ದರಂತೆ ಆ ಮಹಾತಾಯಿ! ಗಿರಿಜಾ ಮೆಲ್ಲಗೆ ಸೆರಗು ಬಿಚ್ಚಿಕೊಂಡಳು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಸೋಮವಾರ ಅತುಲ್ ಭಾಯಿ ಕ್ಯಾಬಿನ್ನಿಗೆ ಕರೆಸಿದರು. ಹೊರಡುವಾಗ ಗಿರಿಜಾ ಹೇಳಿ ಕಳಿಸಿದ್ದಳು. "ಎರಡು ಸಲ ಅಂದ್ರೆ ನಿಧಾನ ತಾನೇ? ನಿಧಾನಕ್ಕಾದ್ರೂ ಸಿಗ್ಲಿ ಬಿಡಿ. ಬಂಗಲೆ ಎಲ್ಲಿಗೂ ಓಡಿಹೋಗಲ್ಲ."

ಅತುಲ್ ಭಾಯಿ ನನ್ನನ್ನೇ ನೋಡಿದರು. "ಬಾಲಕೃಷ್ಣ, ಪ್ಲಾಂಟ್ ಹೆಡ್ ವಿಷಯ..." ಎಂದು ತಡೆದು, "ಪೋಲೆ" ಎಂದರು.

ನಾನು ಎರಡನೆಯ ಪೋಲೆಗಾಗಿ ಉಸಿರು ಬಿಗಿಹಿಡಿದು ಕಾದೆ. ಕಾದೇ ಕಾದೆ. ಅತುಲ್ ಭಾಯಿ ಮಾತ್ರ ಬಾಯಿ ಬಿಗಿದುಬಿಟ್ಟಿದ್ದರು. ಒಂದು ಹನಿಯೂ ಸೋರಲಿಲ್ಲ!