ವರ್ಲೀನಳ ಹಾಡು, ಐಮೋಜೀನಳ ಪೈ

ಮಧ್ಯಾಹ್ನ ರೇಡಿಯೋದಲ್ಲಿ ಹಾಡಬೇಕಿದ್ದ ಹೊಸ ಹಾಡನ್ನು ಜಗಲಿಯಲ್ಲಿ ಕೂತು ಅಭ್ಯಾಸ ಮಾಡಿದ್ದೇ ವರ್ಲೀನ್ ಸ್ಟಿಡಮ್ ಮಾಡಿದ ತಪ್ಪು. ಶನಿವಾರ ಬೆಳಿಗ್ಗೆ ಬಟ್ಟೆ ಒಣಹಾಕಲು ಬಂದ ಪಕ್ಕದ ಮನೆಯ ಓಪಲ್ ಎರಡು ಚರಣ ಕೇಳಿದವಳೇ, ಒದ್ದೆ ಬಟ್ಟೆಯನ್ನು ಬುಟ್ಟಿಯಲ್ಲೇ ಬಿಟ್ಟು ಫೋನಿನತ್ತ ಓಡಿದಳು.

ಹಾಡಿನಲ್ಲಿದ್ದದ್ದು ಇಷ್ಟೇ: ಎಲ್ಲರೂ ಮನೆಯಲ್ಲಿ ಮಾಡಿದ್ದನ್ನು ತರುವ ಚರ್ಚಿನ ಊಟಕ್ಕೆ ಒಬ್ಬ ಹೆಂಗಸು ಅಂಗಡಿಯಿಂದ ಹಣ್ಣು ತುಂಬಿದ ಸಿಹಿ ಪೈ ಕೊಂಡು, ಮನೆಯ ತಟ್ಟೆಗೆ ಬದಲಾಯಿಸಿ, 'ನಮ್ಮಜ್ಜಿ ಕಲಿಸಿದ್ದು' ಎಂದು ಬಡಿಸುತ್ತಾಳೆ. ಕೆಂಟಕಿಯ ಆ ಗುಡ್ಡಗಾಡಿನಲ್ಲಿ ಗಂಡನನ್ನು ಬಿಟ್ಟವಳಿಗೆ ಕ್ಷಮೆಯುಂಟು, ಕಳ್ಳಭಟ್ಟಿ ಇಳಿಸಿದವನಿಗೂ ಉಂಟು. ಇದಕ್ಕೆ ಮಾತ್ರ ಇಲ್ಲ. ವರ್ಲೀನ್ ಯಾರ ಹೆಸರನ್ನೂ ಹಾಕಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ಬೆಳಿಗ್ಗೆ ಎಂಟು ಗಂಟೆಯೊಳಗೆ ಊರಿನ ಹೆಂಗಸರೆಲ್ಲ ಮುಟ್ಟಿಕೊಂಡಾಗಿತ್ತು.

ಮೊದಲು ಬಂದವಳು ಓಪಲ್ಲೇ. "ಅದು ನನ್ ಮೇಲೇನಾ? ಹೋದ್ವರ್ಷ ಸೊಂಟ ಹಿಡ್ಕೊಂಡಿತ್ತು ಕಣೇ. ಒಂದೇ ಸಲ ತಂದಿದ್ದು."

"ನೀನೂನಾ?" ಎಂದಳು ವರ್ಲೀನ್. ಅವಳಿಗೆ ಗೊತ್ತಿದ್ದದ್ದು ಪಾದ್ರಿಯ ಹೆಂಡತಿ ಐಮೋಜೀನಳದು ಮಾತ್ರ. ಆಕೆಯ ಕಾರಿನಲ್ಲಿ ಅಂಗಡಿಯ ಡಬ್ಬವನ್ನು ಕಣ್ಣಾರೆ ಕಂಡಿದ್ದಳು.

ಹತ್ತಕ್ಕೆ ಐಮೋಜೀನಳೂ ಬಂದಳು. "ಹಾಡೋಕೆ ಬೇರೇನೂ ಸಿಗ್ಲಿಲ್ವಾ ನಿಮ್ಗೆ? ರೈಲು, ನಾಯಿ, ಸತ್ತ ತಾಯಿ?"

"ಅವೆಲ್ಲ ಹಾಡಿ ಆಯ್ತು ಐಮೋಜೀನಮ್ಮ. ಉಳಿದಿದ್ದು ನೀವೇ."

ಮಧ್ಯಾಹ್ನ ರೇಡಿಯೋ ಕೇಂದ್ರದ ಬಾಗಿಲಲ್ಲೇ ಮ್ಯಾನೇಜರ್ ಡೆಲ್ಬರ್ಟ್ ಅಡ್ಡ ನಿಂತ. "ಅದನ್ನ ಹಾಡಿದ್ರೆ ಮುಂದಿನ ಶನಿವಾರದಿಂದ ನೀವು ಬರೋದು ಬೇಡ. ಬೆಳಿಗ್ಗೆಯಿಂದ ಹೆಂಗಸರು ನನ್ನ ಪ್ರಾಣ ಹಿಂಡ್ತಿದಾರೆ."

"ಮೂವತ್ತು ವರ್ಷದಿಂದ ಇಲ್ಲಿ ನಿಜ ಬಿಟ್ಟು ಬೇರೇನೂ ಹಾಡಿಲ್ಲ ನಾನು. ಪಿಟೀಲು ಬಿಡು, ಗುಡ್ಡದ ರಾಗ ಬಿಡು ಅಂದ್ರು ನ್ಯಾಶ್‌ವಿಲ್‌ನ ರೆಕಾರ್ಡ್ ಕಂಪನಿಯೋರು. ವಾಪಸ್ ಬಸ್ ಹತ್ತಿದೆ. ಈಗ ಪೈಗೆ ಹೆದರ್ತೀನಾ? ಸರಿ ಆಚೆ."

ನಾಲ್ಕು ಚರಣವನ್ನೂ ಹಾಡಿದಳು. ಒಂದಕ್ಷರ ಬಿಡಲಿಲ್ಲ, ಒಂದಕ್ಷರ ಮೆತ್ತಗೆ ಮಾಡಲಿಲ್ಲ. ಮುಗಿಯುವಷ್ಟರಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಡೆಲ್ಬರ್ಟ್ ಅದನ್ನು ಎತ್ತಿ ಕಿವಿಯಿಂದ ದೂರವೇ ಹಿಡಿದ. ಕೇಳುತ್ತ ಕೇಳುತ್ತ ಅವನ ಮುಖ ಅರಳಿತು.

"ಹೊಗಳ್ತಿದಾರೆ ನಿಮ್ಮನ್ನ. ಐಮೋಜೀನಮ್ಮ ಅಂತೂ ಅತ್ತೇಬಿಟ್ರು. ಇಷ್ಟು ವರ್ಷ ಮುಚ್ಚಿಟ್ಟ ಪಾಪಾನ ರೇಡಿಯೋದಲ್ಲಿ ಒಪ್ಕೊಳ್ಳೋಕೆ ಎಂಥ ಗುಂಡಿಗೆ ಬೇಕು ಅಂತ."

"ಯಾರ ಪಾಪ?"

"ನಿಮ್ದೇ. ಗಂಡ ಓಡಿಹೋದಾಗ ಹಾಡಿದ್ರಿ, ಅಣ್ಣ ಜೈಲಿಗೆ ಹೋದಾಗ ಹಾಡಿದ್ರಿ, ನೀವು ಕುಡಿತ ಬಿಟ್ಟಾಗ ಹಾಡಿದ್ರಿ. ನಮ್ಮ ಗುಡ್ಡದ ಕಂಟ್ರಿ ಸಂಗೀತ ಹಾಡೋರು ತಮ್ಮ ಬದುಕು ಬಿಟ್ಟು ಇನ್ಯಾರದ್ದು ಹಾಡ್ತಾರೆ?"

ವರ್ಲೀನ್ ಮೈಕು ಕಿತ್ತುಕೊಂಡಳು. "ಕೇಳಿ ಎಲ್ಲರೂ, ಆ ಹೆಂಗಸು ನಾನಲ್ಲ."

ತಕ್ಷಣ ಓಪಲಳ ಫೋನು ಬಂತು. ಪಾಪ, ಒಪ್ಪಿಕೊಂಡ ಮೇಲೆ ನಾಚಿಕೆಯಾಗುವುದು ಸಹಜ, ಎದೆಗುಂದಬೇಡ ಎಂದಳಂತೆ. ಸಂಜೆಯ ಚರ್ಚಿನ ಊಟಕ್ಕೆ ಪೈ ತರುವ ಕಷ್ಟವೂ ಬೇಡ, ಕಾಗದದ ತಟ್ಟೆ ತಂದರೆ ಸಾಕು ಎಂದು ಮಹಿಳಾ ಮಂಡಳಿ ತೀರ್ಮಾನಿಸಿತ್ತು.

ವರ್ಲೀನಳಿಗೆ ಮೈಯೆಲ್ಲ ಉರಿಯಿತು. ಮನೆಗೆ ಹೋದವಳೇ ಹಿಟ್ಟು ಕಲಸಿದಳು. ಹಿತ್ತಲಿನ ಬ್ಲ್ಯಾಕ್‌ಬೆರಿ ಹಣ್ಣು ಕಿತ್ತು ತಂದಳು. ಒಲೆಯಲ್ಲಿ ಎರಡು ಬೆರಳು ಸುಟ್ಟುಕೊಂಡಳು. ಸಂಜೆ ಐದಕ್ಕೆ, ಹಬೆಯಾಡುವ ಪೈಯನ್ನು ಎತ್ತಿ ಹಿಡಿದು, ತಲೆ ಎತ್ತಿಕೊಂಡೇ ಚರ್ಚಿನ ಹಾಲಿಗೆ ನಡೆದಳು. ಕಾಗದದ ತಟ್ಟೆ ತರಲಿಲ್ಲ.

ಪಾದ್ರಿಯೇ ಮುಂದೆ ಬಂದು ಒಂದು ತುಂಡು ಬಾಯಿಗಿಟ್ಟ, ಕಣ್ಣು ಮುಚ್ಚಿದ, ಇನ್ನೊಂದು ತುಂಡು ಕತ್ತರಿಸಿಕೊಂಡ. ಆಮೇಲೆ ತಂದೆಯಂತೆ ಅವಳ ಹೆಗಲ ಮೇಲೆ ಕೈಯಿಟ್ಟ.

"ಇಂಥ ಪೈ ಜನ್ಮದಲ್ಲಿ ತಿಂದಿಲ್ಲ, ವರ್ಲೀನ್. ಇನ್ನು ಮುಚ್ಚಿಡೋದು ಏನಿದೆ, ಸಂಕೋಚ ಬಿಟ್ಟು ಹೇಳಮ್ಮ. ಯಾವ ಅಂಗಡೀದು?"